ಮಂಡಳದ ಮ್ಯಾಮೋಗ್ರಫಿ ಶಿಬಿರಕ್ಕೆ ನಲವತ್ತು ದಾಟಿದವರೆಲ್ಲರ ಹೆಸರನ್ನೂ ಬರೆಸಬೇಕೇ?

ಮುಲುಂಡ್ ಚೆಕ್‌ನಾಕಾ

ಎಲ್ಲರಿಗೂ ನಮಸ್ಕಾರ. ನಮ್ಮ ಮಹಿಳಾ ಮಂಡಳವು ದಸರೆ ಕಳೆದ ಮೇಲಿನ ಒಂದು ಭಾನುವಾರ ಆರೋಗ್ಯ ಶಿಬಿರ ನಡೆಸುವ ವಾಡಿಕೆ ಇಟ್ಟುಕೊಂಡಿದೆ. ಈ ಸಲ ಕಣ್ಣು, ಸಕ್ಕರೆ, ರಕ್ತದೊತ್ತಡಗಳ ಜೊತೆಗೆ ಸ್ತನ ಕ್ಯಾನ್ಸರ್ ಹುಡುಕಲು ಸ್ತನದ ಎಕ್ಸ್-ರೇ ತೆಗೆಯುವ ಮ್ಯಾಮೋಗ್ರಫಿ ಯಂತ್ರವಿರುವ ವ್ಯಾನ್ ಕೂಡ ಬರಲಿದೆ. ವ್ಯಾನ್ ಬರಬೇಕಾದರೆ ಕನಿಷ್ಠ 60 ಮಂದಿಯಾದರೂ ಇರಬೇಕೆಂಬ ಷರತ್ತು ಇರುವುದರಿಂದ, 40 ದಾಟಿದ ನಮ್ಮವರನ್ನೆಲ್ಲ ಒಪ್ಪಿಸಿ ಹೆಸರು ಬರೆಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಪಟ್ಟಿಯಲ್ಲಿ ಇದುವರೆಗೆ 23 ಹೆಸರುಗಳಿವೆ. ಇಪ್ಪತ್ನಾಲ್ಕನೆಯದನ್ನು ಬರೆಯಲು ಕೈ ಏಳುತ್ತಿಲ್ಲ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಎರಡು ವರ್ಷದ ಹಿಂದೆ, ನನಗೆ 46 ಆಗಿದ್ದಾಗ, ನಮ್ಮವರ ಕಂಪನಿಯ ವಾರ್ಷಿಕ ತಪಾಸಣೆಯ ಪ್ಯಾಕೇಜಿನಲ್ಲಿ ಹೆಂಡತಿಗೂ ಮ್ಯಾಮೋಗ್ರಫಿ ಉಚಿತವೆಂದು ಹೇಳಿದ್ದರಿಂದ ಹೋಗಿ ಮಾಡಿಸಿಕೊಂಡೆ. ನನಗೆ ನೋವಿರಲಿಲ್ಲ, ಗಂಟಿರಲಿಲ್ಲ, ಮನೆತನದಲ್ಲಿ ಯಾರಿಗೂ ಈ ಕಾಯಿಲೆ ಬಂದ ನೆನಪೂ ಇಲ್ಲ. ರಿಪೋರ್ಟಿನ ಕೊನೆಯ ಸಾಲಿನಲ್ಲಿ 'ಬೈ-ರ್ಯಾಡ್ಸ್ 4ಎ, ಬಯಾಪ್ಸಿ ಸೂಕ್ತ' ಎಂದಿತ್ತು. 4ಎ ಎಂಬ ದರ್ಜೆಯೆಂದರೆ ಕ್ಯಾನ್ಸರ್ ಇರಲು ನೂರಕ್ಕೆ 2ರಿಂದ 10ರವರೆಗಿನ ಸಾಧ್ಯತೆ ಮಾತ್ರ ಎಂಬುದನ್ನು ಆ ಹೊತ್ತಿಗೆ ನನಗೆ ಯಾರೂ ಹೇಳಲಿಲ್ಲ. ಮರುಸೋನೋಗ್ರಫಿ, ತುಣುಕು ತೆಗೆಯುವ ಬಯಾಪ್ಸಿಯ ಸೂಜಿ, ಪೆಥಾಲಜಿ ಎಂದು 17 ದಿನ ಹಿಡಿಯಿತು. ನಡುವೆ ದೀಪಾವಳಿ ಬಂತು. ಅತ್ತೆಗೆ ತಿಳಿಯಬಾರದೆಂದು ಎಂದಿನಂತೆ ಚಕ್ಕುಲಿ ಕರಿಯಲು ಕೂತೆ. ಎಣ್ಣೆ ಹೊಗೆಯಾಡುತ್ತಿದ್ದರೂ ನೋಡುತ್ತಾ ಕೂತಿದ್ದೆನಂತೆ, ಮಗಳು ಬಂದು ಗ್ಯಾಸ್ ಆರಿಸಿದಳು. ಹದಿನೆಂಟನೆಯ ದಿನ ಬಂದ ಕಾಗದದಲ್ಲಿ ಅದು ನಿರಪಾಯದ ಫೈಬ್ರೋಅಡಿನೋಮಾ ಗಡ್ಡೆ ಎಂದಿತ್ತು. ಎಲ್ಲರೂ 'ದೇವರು ದೊಡ್ಡವನು' ಎಂದರು. ಇಲ್ಲದ ಕಾಯಿಲೆಗೆ 17 ದಿನ ಸತ್ತೆನಲ್ಲ ಎಂದು ನನಗೆ ಅನ್ನಿಸಿತು.

ನಾನು ತಪಾಸಣೆಯ ವಿರೋಧಿಯಲ್ಲ. ಆದರೆ ನನ್ನ ಮಾತು ಕೇಳಿ ಬರುವ 60 ಮಂದಿಗೆ 'ಇದರಿಂದ ಒಳ್ಳೆಯದೇ ಆಗುತ್ತದೆ, ಕೆಟ್ಟದ್ದೇನೂ ಇಲ್ಲ' ಎಂದು ಹೇಳುವುದು ಸತ್ಯವೇ? ತಿಳಿದವರು ಹೇಳಬೇಕು.

ಡೊಂಬಿವಲಿ ಪೂರ್ವ

ನೀವು ಹೀಗೆ ಕೇಳಿದ್ದೇ ನನಗೆ ಆಶ್ಚರ್ಯ ತಂದಿತು. 54ನೆಯ ವಯಸ್ಸಿನಲ್ಲಿ, ಇಂಥದ್ದೇ ಒಂದು ಶಿಬಿರದಲ್ಲಿ, ನನ್ನ ಎಡಸ್ತನದಲ್ಲಿ 9 ಮಿಲಿಮೀಟರಿನ ಕ್ಯಾನ್ಸರ್ ಸಿಕ್ಕಿತು. ಆಮೇಲೆ ಸರ್ಜನ್ ಎಷ್ಟು ಒತ್ತಿ ನೋಡಿದರೂ ಕೈಗೆ ಸಿಗದಷ್ಟು ಸಣ್ಣದು ಅದು. ಗಡ್ಡೆಯಷ್ಟನ್ನೇ ತೆಗೆದು, ರೇಡಿಯೇಷನ್ ಕೊಟ್ಟು, ಮಾತ್ರೆಗಳ ಮೇಲೆ ಇಟ್ಟಿದ್ದಾರೆ. ಕೀಮೋ ಬೇಕಾಗಲಿಲ್ಲ, ತಲೆಯ ಕೂದಲು ಉಳಿಯಿತು, ಸ್ತನವೂ ಉಳಿಯಿತು. ನನ್ನ ಚಿಕ್ಕಮ್ಮ ಹುಬ್ಬಳ್ಳಿಯಲ್ಲಿ ಇದೇ ಕಾಯಿಲೆಯಲ್ಲಿ ಹೋದರು, ಆಸ್ಪತ್ರೆ ಸೇರುವಾಗಲೇ ಅದು ಎಲುಬಿಗೆ ಇಳಿದಿತ್ತು. ನಿಮ್ಮ 17 ದಿನಗಳ ಸಂಕಟವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬದುಕು ಒಂದು ತಕ್ಕಡಿಯಲ್ಲಿ, 17 ದಿನ ಇನ್ನೊಂದರಲ್ಲಿ ಇದ್ದರೆ ತೂಗಿ ನೋಡುವಂಥದ್ದು ಏನಿದೆ? ದಯವಿಟ್ಟು ಆ ಇಪ್ಪತ್ನಾಲ್ಕನೆಯ ಹೆಸರನ್ನು ಬರೆಯಿರಿ.

ಪುಣೆಯ ನಿವೃತ್ತ ಮೇಷ್ಟ್ರು

ಡೊಂಬಿವಲಿಯ ಸೋದರಿ ಗುಣವಾಗಿ ನಮ್ಮೊಡನೆ ಮಾತಾಡುತ್ತಿರುವುದು ಸಂತೋಷದ ವಿಷಯ. ನಾನು ಕಾಲೇಜಿನಲ್ಲಿ ಮೂರು ದಶಕ ಸಂಖ್ಯಾಶಾಸ್ತ್ರ ಹೇಳಿದವನಾದ್ದರಿಂದ, ವೈದ್ಯಕೀಯವನ್ನು ಬಿಟ್ಟು, ಲೆಕ್ಕದ ಮಟ್ಟಿಗೆ ಕೆಲವು ಮಾತುಗಳನ್ನು ಹೇಳುತ್ತೇನೆ.

ಬೇಗ ಪತ್ತೆಯಾದವರು ಪತ್ತೆಯಾದ ಮೇಲೆ ಹೆಚ್ಚು ವರ್ಷ ಬದುಕುತ್ತಾರೆ ಎಂಬುದರಿಂದ ತಪಾಸಣೆ ಜೀವ ಉಳಿಸಿತು ಎಂದು ಸಾಧಿಸಿದಂತಾಗುವುದಿಲ್ಲ. ಒಬ್ಬಾಕೆ 70ಕ್ಕೆ ತೀರಿಕೊಳ್ಳುವವಳೇ ಇದ್ದು, ಕಾಯಿಲೆ 66ರ ಬದಲು 62ಕ್ಕೆ ಗೊತ್ತಾದರೆ, 'ನಾಲ್ಕು ವರ್ಷ ಬದುಕಿದಳು' ಎಂಬುದು 'ಎಂಟು ವರ್ಷ ಬದುಕಿದಳು' ಎಂದಾಗುತ್ತದೆ. ಸಾವಿನ ತಾರೀಖು ಮಾತ್ರ ಅಲ್ಲಿಯೇ ಇರುತ್ತದೆ. ಇನ್ನೊಂದು ತೊಡಕೂ ಇದೆ. ನಿಧಾನವಾಗಿ ಬೆಳೆಯುವ ಗಡ್ಡೆಗಳು ದೇಹದಲ್ಲಿ ಸದ್ದಿಲ್ಲದೆ ಬಹಳ ಕಾಲ ಇರುವುದರಿಂದ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಬೀಸುವ ಬಲೆಗೆ ಅವೇ ಹೆಚ್ಚಾಗಿ ಬೀಳುತ್ತವೆ, ಧಾವಿಸುವಂಥವು ಎರಡು ಬಲೆಗಳ ನಡುವೆ ನುಸುಳಿಬಿಡುತ್ತವೆ. ಆದ್ದರಿಂದಲೇ ತಪಾಸಣೆಗೆ ಕರೆದ ಗುಂಪು, ಕರೆಯದ ಗುಂಪು ಎಂದು ಚೀಟಿ ಎತ್ತಿ ಬೇರೆ ಮಾಡಿ, ವರ್ಷಗಟ್ಟಲೆ ಕಾದು, ಎರಡೂ ಕಡೆ ಸತ್ತವರನ್ನು ಎಣಿಸಬೇಕಾಗುತ್ತದೆ.

ಹಾಗೆ ಎಣಿಸಿದ ಪಾಶ್ಚಾತ್ಯ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಲು ಬ್ರಿಟನ್ನಿನಲ್ಲಿ ಸರ್ ಮೈಕಲ್ ಮಾರ್ಮಟ್ ಅವರ ನೇತೃತ್ವದ ಸ್ವತಂತ್ರ ಸಮಿತಿಯೊಂದು ಕೂತು 2012ರಲ್ಲಿ ವರದಿ ಕೊಟ್ಟಿತು. 50 ತುಂಬಿದ 10,000 ಮಹಿಳೆಯರನ್ನು 20 ವರ್ಷಗಳ ಕಾಲ ಮ್ಯಾಮೋಗ್ರಫಿಗೆ ಕರೆಯುತ್ತಾ ಹೋದರೆ 681 ಕ್ಯಾನ್ಸರ್‌ಗಳು ಪತ್ತೆಯಾಗುತ್ತವೆ. 43 ಸಾವುಗಳು ತಪ್ಪುತ್ತವೆ. 129 ಮಂದಿಯಲ್ಲಿ ಸಿಕ್ಕ ಕ್ಯಾನ್ಸರ್ ಹುಡುಕದೇ ಹೋಗಿದ್ದರೆ ಜೀವಮಾನವಿಡೀ ತಲೆ ಎತ್ತುತ್ತಲೇ ಇರಲಿಲ್ಲ ಎಂಬುದು ಅವರ ಅಂದಾಜು. ಆ 129 ಮಂದಿಯೂ ಶಸ್ತ್ರಚಿಕಿತ್ಸೆ, ರೇಡಿಯೇಷನ್, ಮಾತ್ರೆಗಳಂಥ ಚಿಕಿತ್ಸೆಗೆ ಒಳಗಾಗುತ್ತಾರೆ. ಒಂದು ಜೀವಕ್ಕೆ ಮೂರು ಅನಗತ್ಯ ಪತ್ತೆ. ಅಷ್ಟಾದರೂ ಆ ಸಮಿತಿ ಕಾರ್ಯಕ್ರಮ ಮುಂದುವರಿಯಲಿ ಎಂದೇ ಹೇಳಿತು, ಆದರೆ ಹೆಂಗಸರಿಗೆ ಎರಡೂ ಅಂಕಿಗಳನ್ನು ತಿಳಿಸಿ ಕರೆಯಿರಿ ಎಂದಿತು. ಮುಲುಂಡ್‌ನವರು ಕೇಳುತ್ತಿರುವುದೂ ಅದನ್ನೇ ಎಂದು ನಾನು ಭಾವಿಸಿದ್ದೇನೆ.

ಡೊಂಬಿವಲಿ ಪೂರ್ವ

ಮೇಷ್ಟ್ರೇ, ನಿಮ್ಮ ಬರಹವನ್ನು ಎರಡು ಸಲ ಓದಿದೆ. ಒಂದು ಪ್ರಶ್ನೆಗೆ ಉತ್ತರ ಕೊಡಿ. ನಾನು ಆ 43ರಲ್ಲಿ ಒಬ್ಬಳೋ, 129ರಲ್ಲಿ ಒಬ್ಬಳೋ?

ಪುಣೆಯ ನಿವೃತ್ತ ಮೇಷ್ಟ್ರು

ಯಾರಿಂದಲೂ ಹೇಳಲಾಗದು, ತಾಯಿ. ನಿಮ್ಮ ಸರ್ಜನ್‌ಗೂ, ಸೂಕ್ಷ್ಮದರ್ಶಕದಲ್ಲಿ ಆ ತುಣುಕನ್ನು ನೋಡಿದವರಿಗೂ ಅದು ಗೊತ್ತಾಗುವುದಿಲ್ಲ. ಗೊತ್ತಾಗುವಂತಿದ್ದರೆ 129 ಮಂದಿಯನ್ನು ಬಿಟ್ಟುಬಿಡಬಹುದಿತ್ತು. ಮೂರನೆಯ ಗುಂಪೊಂದಿದೆ, ಅದನ್ನು ನಾನು ಹೇಳದೆ ಬಿಟ್ಟದ್ದು ತಪ್ಪು. 681ರಲ್ಲಿ 43 ಮತ್ತು 129 ಕಳೆದರೆ 509 ಉಳಿಯುತ್ತದೆ. ಅವರಲ್ಲಿ ಬದುಕುವವರು ತಡವಾಗಿ ಪತ್ತೆಯಾದರೂ ಬದುಕುತ್ತಿದ್ದರು, ಸಾಯುವವರು ಬೇಗ ಪತ್ತೆಯಾದರೂ ಉಳಿಯುತ್ತಿರಲಿಲ್ಲ. ಆದರೆ ಆ ಗುಂಪಿನಲ್ಲಿ ಎಷ್ಟೋ ಮಂದಿಗೆ ಚಿಕಿತ್ಸೆ ಹಗುರವಾಗುತ್ತದೆ. ಕೀಮೋ ತಪ್ಪಿದ್ದು, ಸ್ತನ ಉಳಿದದ್ದು ಸಾವು-ಬದುಕಿನ ಕೋಷ್ಟಕದಲ್ಲಿ ಕಾಣದ ಲಾಭ. ನೀವು ಅಲ್ಲಿರಲೂಬಹುದು. ನಿಮ್ಮ ಜಾಗದಲ್ಲಿ ನಾನಿದ್ದರೂ ಚಿಕಿತ್ಸೆಯನ್ನು ಒಪ್ಪಿಕೊಳ್ಳುತ್ತಿದ್ದೆ ಎಂಬುದನ್ನೂ ಹೇಳಿಬಿಡುತ್ತೇನೆ.

ವಸಯಿ ರೋಡ್

ನಮ್ಮ ಕಟ್ಟಡದಲ್ಲಿ ಎಲ್ಲರ ಮೊಬೈಲಿಗೂ ಒಂದು ಸಂದೇಶ ಬಂದಿದೆ. ಯಂತ್ರದಲ್ಲಿ ಒತ್ತುವುದರಿಂದ ಗಡ್ಡೆ ಒಡೆದು ಹರಡುತ್ತದೆ, ಸೂಜಿ ಚುಚ್ಚಿದರೆ ಇನ್ನೂ ಬೇಗ ಹರಡುತ್ತದೆ, ಎಕ್ಸ್-ರೇ ತಗುಲಿಯೇ ಕ್ಯಾನ್ಸರ್ ಬರುತ್ತದೆ ಎಂದೆಲ್ಲ ಅದರಲ್ಲಿದೆ. ಅಪಾಯದ ಮಾತು ಬಂದಿರುವುದರಿಂದ ಕೇಳುತ್ತಿದ್ದೇನೆ, ಇದರಲ್ಲಿ ನಿಜವೆಷ್ಟು?

ಥಾಣೆಯ ಎಕ್ಸ್-ರೇ ತಂತ್ರಜ್ಞೆ

ಮ್ಯಾಮೋಗ್ರಫಿ ಕೋಣೆಯಲ್ಲಿಯೇ ನನ್ನ ದಿನಗಳು ಕಳೆಯುವುದರಿಂದ ಇದಕ್ಕೆ ಉತ್ತರಿಸುತ್ತೇನೆ. ಎರಡೂ ಸ್ತನಗಳನ್ನು ಎರಡೆರಡು ಕೋನಗಳಿಂದ ತೆಗೆದರೆ ದೇಹಕ್ಕೆ ತಗಲುವ ವಿಕಿರಣ ಸುಮಾರು 0.4 ಮಿಲಿಸೀವರ್ಟ್, ನಾವು ಸುಮ್ಮನೆ ಭೂಮಿಯ ಮೇಲೆ ಓಡಾಡಿಕೊಂಡಿದ್ದರೆ ಸುಮಾರು ಏಳು ವಾರಗಳಲ್ಲಿ ಇಷ್ಟು ವಿಕಿರಣ ಹೇಗೂ ತಗಲುತ್ತದೆ. ವರ್ಷಾನುಗಟ್ಟಲೆ ಮಾಡಿಸಿದರೆ ಅಪಾಯ ಸೊನ್ನೆ ಎಂದು ಯಾರೂ ಹೇಳುವುದಿಲ್ಲ, ಬಹಳ ಸಣ್ಣದು ಎನ್ನಬಹುದು. ಒತ್ತುವುದರಿಂದ ಕ್ಯಾನ್ಸರ್ ಹರಡುವುದಿಲ್ಲ. ಒತ್ತುವುದು ಕೆಲವೇ ಸೆಕೆಂಡು, ಸ್ತನವನ್ನು ತೆಳುವಾಗಿ ಹರಡಿದಷ್ಟೂ ಚಿತ್ರ ಸ್ಪಷ್ಟವಾಗುತ್ತದೆ, ವಿಕಿರಣವೂ ಕಡಿಮೆ ಸಾಕಾಗುತ್ತದೆ. ಸೂಜಿಯ ಭಯದಿಂದ ಬಯಾಪ್ಸಿ ತಪ್ಪಿಸಿಕೊಂಡು ಆರು ತಿಂಗಳ ಮೇಲೆ ಬಂದವರನ್ನು ನಾನು ನೋಡಿದ್ದೇನೆ, ಆ ಸಂದೇಶ ಬರೆದವರು ನೋಡಿರಲಾರರು.

ನಿಜವಾದ ಮಿತಿ ಬೇರೆ ಕಡೆ ಇದೆ. ಚಿತ್ರದಲ್ಲಿ ಕೊಬ್ಬು ಕಪ್ಪಾಗಿ ಕಾಣುತ್ತದೆ, ಗ್ರಂಥಿಯ ಅಂಗಾಂಶ ಬೆಳ್ಳಗೆ ಕಾಣುತ್ತದೆ, ಗಡ್ಡೆಯೂ ಬೆಳ್ಳಗೇ ಕಾಣುತ್ತದೆ. ಮುಟ್ಟು ನಿಲ್ಲದ ಹೆಂಗಸರಲ್ಲಿ ಗ್ರಂಥಿಯ ಅಂಗಾಂಶ ಒತ್ತೊತ್ತಾಗಿರುವುದು ಸಾಮಾನ್ಯವಾದ್ದರಿಂದ, ಹಾಲಿನಲ್ಲಿ ಬಿದ್ದ ಅಕ್ಕಿಕಾಳನ್ನು ಹುಡುಕಿದಂತಾಗುತ್ತದೆ. ಇದ್ದದ್ದು ಕಾಣದೇ ಹೋಗುವುದೂ ಇಲ್ಲದ್ದು ಇದ್ದಂತೆ ಕಾಣುವುದೂ ಅವರಲ್ಲಿಯೇ ಹೆಚ್ಚು. ಮುಲುಂಡ್‌ನವರು 46ರಲ್ಲಿ ಸಿಕ್ಕಿಬಿದ್ದದ್ದು ಇಂಥ ಜಾಗದಲ್ಲಿಯೇ ಇರಬೇಕು.

ಶಿಬಿರ ನಡೆಸುವವರಿಗೆ ಎರಡು ಮಾತು. ಆ ದಿನ ಯಾರೂ ಕಂಕುಳಿಗೆ ಪೌಡರ್, ಡಿಯೋಡರೆಂಟ್ ಹಾಕಿಕೊಂಡು ಬರಬಾರದೆಂದು ಮೊದಲೇ ತಿಳಿಸಿ. ಅದರ ಕಣಗಳು ಫಿಲ್ಮಿನಲ್ಲಿ ಸುಣ್ಣದ ಚುಕ್ಕೆಗಳಂತೆ ಬಿದ್ದು ಸುಮ್ಮನೆ ಗಾಬರಿ ಹುಟ್ಟಿಸುತ್ತವೆ. ಹಿಂದೆ ಮಾಡಿಸಿದವರು ಹಳೆಯ ಫಿಲ್ಮನ್ನು ಅಟ್ಟದಿಂದ ಇಳಿಸಿ ತರಲಿ. ಐದು ವರ್ಷದಿಂದ ಹಾಗೇ ಇರುವ ಒಂದು ನೆರಳನ್ನು ಹೋಲಿಸಿ ನೋಡಿದರೆ ಎಷ್ಟೋ ಬಯಾಪ್ಸಿಗಳು ಅಲ್ಲಿಗೇ ತಪ್ಪುತ್ತವೆ. ಈ ಮಾತನ್ನು ನಮ್ಮ ವಿಭಾಗದ ಬಾಗಿಲಲ್ಲಿ ಮೂರು ಭಾಷೆಗಳಲ್ಲಿ ಬರೆದು ಅಂಟಿಸಿದ್ದೇವೆ, ಆದರೂ ಹತ್ತರಲ್ಲಿ ಒಬ್ಬರು ತಂದರೆ ಪುಣ್ಯ.

ನೆರೂಳ್

ನನ್ನ ಹೆಂಡತಿಯ ವಿಷಯವನ್ನು ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಮಾರ್ಚಿನಲ್ಲಿ ಮಾಡಿಸಿದ ಮ್ಯಾಮೋಗ್ರಫಿ ಸ್ವಚ್ಛವಾಗಿತ್ತು. ಆಗಸ್ಟಿನಲ್ಲಿ ಸ್ನಾನ ಮಾಡುವಾಗ ಅವಳ ಕೈಗೆ ಕಡಲೆಯಷ್ಟು ಗಂಟು ಸಿಕ್ಕಿತು. ರಿಪೋರ್ಟ್ ಚೆನ್ನಾಗಿದೆಯಲ್ಲ, ಇದು ಬೇರೇನೋ ಇರಬೇಕೆಂದು ಅವಳೂ ಅಂದುಕೊಂಡಳು, ನಾನೂ ಅಂದೆ. ನಾನೂ ಅಂದೆ ಎಂಬುದನ್ನು ಬರೆಯಲೇಬೇಕು. ಡಿಸೆಂಬರಿನಲ್ಲಿ ಕಂಕುಳಲ್ಲಿಯೂ ಗಂಟು ಕಾಣಿಸಿಕೊಂಡ ಮೇಲೆ ಹೋದೆವು. ಎರಡು ತಪಾಸಣೆಗಳ ನಡುವೆ ಹೀಗೆ ಎದ್ದು ಬರುವ ಕ್ಯಾನ್ಸರ್‌ಗಳು ಉಂಟು, ಇವು ಹಲವು ಸಲ ವೇಗವಾಗಿ ಬೆಳೆಯುವ ಜಾತಿಯವು ಎಂದು ವೈದ್ಯರು ಆಮೇಲೆ ವಿವರಿಸಿದರು. ಅವಳು ಈಗ ಚಿಕಿತ್ಸೆಯಲ್ಲಿದ್ದಾಳೆ.

ಸುಳ್ಳು ಎಚ್ಚರಿಕೆಯ ಬಗ್ಗೆ ಇಲ್ಲಿ ಬಹಳ ಮಾತಾಯಿತು. ಸುಳ್ಳು ಧೈರ್ಯದ ಬಗ್ಗೆಯೂ ಶಿಬಿರದಲ್ಲಿ ಯಾರಾದರೂ ಹೇಳಲಿ. 'ನಾರ್ಮಲ್' ಎಂಬ ರಿಪೋರ್ಟ್ ಆ ದಿನದ ಮಟ್ಟಿಗೆ ಮಾತ್ರ ನಾರ್ಮಲ್.

ಪರೇಲಿನ ನಿವೃತ್ತ ನರ್ಸ್

ನಾನು ಮುನಿಸಿಪಾಲಿಟಿಯ ಆಸ್ಪತ್ರೆಗಳಲ್ಲಿ 34 ವರ್ಷ ಕೆಲಸ ಮಾಡಿದವಳು. ಈ ಚರ್ಚೆಯಲ್ಲಿ ಬ್ರಿಟನ್ ಬಂತು, ಆದರೆ ನಮ್ಮ ಪರೇಲಿನಿಂದಲೇ ನಡೆದ ಪ್ರಯೋಗದ ಹೆಸರನ್ನು ಯಾರೂ ಎತ್ತಲಿಲ್ಲ ಎಂಬುದು ನನಗೆ ಸ್ವಲ್ಪ ಚುಚ್ಚಿತು.

ಟಾಟಾ ಮೆಮೋರಿಯಲ್ ಆಸ್ಪತ್ರೆಯವರು 1998ರಲ್ಲಿ ಮುಂಬೈಯ ಕೊಳೆಗೇರಿಗಳ 20 ಪ್ರದೇಶಗಳನ್ನು ಆರಿಸಿಕೊಂಡು, 35ರಿಂದ 64ರ ವಯಸ್ಸಿನ 1,51,538 ಮಹಿಳೆಯರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನವರಿಗೆ ಎರಡು ವರ್ಷಕ್ಕೊಮ್ಮೆ, ನಾಲ್ಕು ಸುತ್ತು, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಕೈಯಿಂದ ಸ್ತನ ಪರೀಕ್ಷೆ ಮಾಡಿದರು. ಯಂತ್ರವಿಲ್ಲ, ಕರೆಂಟ್ ಬೇಕಿಲ್ಲ, ಮೂರು ಬೆರಳುಗಳ ತುದಿ ಮತ್ತು ಸಮಯ ಇದ್ದರೆ ಸಾಕು. ಇನ್ನೊಂದು ಗುಂಪಿನವರಿಗೆ ಒಂದು ಸಲ ಕ್ಯಾನ್ಸರ್ ಅರಿವಿನ ಮಾತುಗಳನ್ನು ಹೇಳಿ ಕಾಯಿಲೆಯ ಲೆಕ್ಕವನ್ನು ಮಾತ್ರ ಇಟ್ಟರು. ಇಪ್ಪತ್ತು ವರ್ಷಗಳ ಫಲಿತಾಂಶ 2021ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಪರೀಕ್ಷೆಗೊಳಗಾದವರಲ್ಲಿ ಮೂರನೆಯ, ನಾಲ್ಕನೆಯ ಹಂತದಲ್ಲಿ ಸಿಕ್ಕ ಕ್ಯಾನ್ಸರ್‌ಗಳು ನೂರಕ್ಕೆ 37. ಇನ್ನೊಂದು ಗುಂಪಿನಲ್ಲಿ ನೂರಕ್ಕೆ 47. ಸಾವಿನ ವಿಷಯದಲ್ಲಿ, 50 ದಾಟಿದವರಲ್ಲಿ ಸುಮಾರು 30 ಶೇಕಡಾ ಇಳಿಕೆ ಕಂಡಿತು. ಎಲ್ಲ ವಯಸ್ಸಿನವರನ್ನೂ ಸೇರಿಸಿ ನೋಡಿದರೆ ಇಳಿಕೆ 15 ಶೇಕಡಾ, ಅದು ಆಕಸ್ಮಿಕವಲ್ಲ ಎಂದು ಗಣಿತದ ಲೆಕ್ಕದಲ್ಲಿ ಖಚಿತವಾಗಿ ಹೇಳುವಷ್ಟಿರಲಿಲ್ಲ. 50ರ ಒಳಗಿನವರಲ್ಲಿ ಸಾವು ತಗ್ಗಿತೆಂದು ತೋರಿಸಲಾಗಲಿಲ್ಲ.

ಅಂಕಿಗಳ ಆಚೆಗೆ ಒಂದನ್ನು ಹೇಳುತ್ತೇನೆ. ಓಪಿಡಿಯಲ್ಲಿ ಒಬ್ಬಾಕೆ ಬಂದಿದ್ದಳು, ವಿಜಯಪುರದ ಕಡೆಯವಳು, ಗಂಡ ಇಲ್ಲಿ ಕಟ್ಟಡದ ಕೆಲಸಗಾರ. ಮರಾಠಿ ಬಾರದೆಂದು ಅವಳನ್ನು ನನ್ನ ಬಳಿ ಕಳಿಸಿದರು. ರವಿಕೆ ಬಿಚ್ಚಿದಾಗ ಒಳಗೆ ಅರಿಸಿನದಲ್ಲಿ ನೆನೆಸಿದ ಹತ್ತಿಯ ಉಂಡೆಯಿತ್ತು. ಗಂಟು ಚರ್ಮವನ್ನು ಒಡೆದು ಹೊರಗೆ ಬಂದು ಎಷ್ಟೋ ದಿನವಾಗಿತ್ತು. ವಾಸನೆ ತಿಳಿಯಬಾರದೆಂದು ದಿನಕ್ಕೆ ಮೂರು ಸಲ ಹತ್ತಿ ಬದಲಾಯಿಸುತ್ತಿದ್ದಳಂತೆ. ಯಾಕವ್ವಾ ಮೊದಲೇ ಬರಲಿಲ್ಲ ಎಂದರೆ, 'ನೋವು ಇರಲಿಲ್ಲರೀ' ಎಂದಳು. ಇವಳಿಗೆ ಅನಗತ್ಯ ಪತ್ತೆಯ ಭಯವನ್ನು ಹೇಳುವವರು ಯಾರು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ 30ರಿಂದ 49ರ ವಯಸ್ಸಿನವರಲ್ಲಿ ಒಮ್ಮೆಯಾದರೂ ಸ್ತನ ಪರೀಕ್ಷೆ ಮಾಡಿಸಿಕೊಂಡವರು ನೂರಕ್ಕೆ ಒಬ್ಬರೂ ಇಲ್ಲ, 0.9 ಶೇಕಡಾ. 30ರಿಂದ 65ರವರೆಗೆ ಐದು ವರ್ಷಕ್ಕೊಮ್ಮೆ ಕೈಪರೀಕ್ಷೆ ಮಾಡಬೇಕೆಂದು ಸರ್ಕಾರದ ಮಾರ್ಗಸೂಚಿ 2016ರಿಂದಲೇ ಇದೆ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ವ್ಯಾನ್ ಬರಲಿ, 50 ದಾಟಿದವರು ಹತ್ತಲಿ. ಅದರ ಪಕ್ಕದಲ್ಲಿ ಪರದೆ ಕಟ್ಟಿ, ಕಲಿತ ಕೈಯೊಂದನ್ನು ಕೂರಿಸಿ, ಎಲ್ಲರ ಪರೀಕ್ಷೆಯೂ ಆಗಲಿ. ಪರದೆ ದಪ್ಪವಾಗಿರಲಿ. ಹಾಲಿನ ಕಿಟಕಿಗೆ ತೆಳ್ಳನೆಯ ಸೀರೆ ಕಟ್ಟಿ ನಡೆಸಿದ ಶಿಬಿರವೊಂದರಲ್ಲಿ ಅರ್ಧಕ್ಕರ್ಧ ಹೆಂಗಸರು ಎದ್ದು ಹೋದದ್ದನ್ನು ಕಂಡಿದ್ದೇನೆ.

ವಾಸ್ಕೋ

ಗೋವಾದಿಂದ ಓದುತ್ತಿದ್ದೇನೆ. ನನಗೆ 42. ಅಮೆರಿಕದಲ್ಲಿರುವ ತಂಗಿ, ಅಲ್ಲಿ 40ಕ್ಕೇ ಶುರು ಮಾಡಬೇಕೆಂದು ಹೇಳಿದ್ದಾರೆ ಎನ್ನುತ್ತಾಳೆ. ಇಲ್ಲಿ 50 ಎನ್ನುತ್ತೀರಿ. ಒಂದೇ ದೇಹಕ್ಕೆ ಎರಡು ಶಾಸ್ತ್ರ ಹೇಗೆ? ಇನ್ನೊಂದು ವಿಷಯವೆಂದರೆ, ನಮ್ಮ ಆಫೀಸಿಗೆ ಮುಟ್ಟದೆ, ಒತ್ತದೆ, ಶಾಖದ ಚಿತ್ರ ತೆಗೆದು ಹೇಳುತ್ತೇವೆಂದು ಒಬ್ಬರು ಬಂದಿದ್ದರು. ಅದು ಸಾಕಲ್ಲವೇ?

ಥಾಣೆಯ ಎಕ್ಸ್-ರೇ ತಂತ್ರಜ್ಞೆ

ಎರಡನೆಯದಕ್ಕೆ ಮಾತ್ರ ಉತ್ತರ: ಸಾಲದು. ಶಾಖದ ಚಿತ್ರವು ಮ್ಯಾಮೋಗ್ರಫಿಗೆ ಬದಲಿಯಲ್ಲ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಒಂದಕ್ಕಿಂತ ಹೆಚ್ಚು ಸಲ ಎಚ್ಚರಿಸಿದೆ.

ಪುಣೆಯ ನಿವೃತ್ತ ಮೇಷ್ಟ್ರು

ವಾಸ್ಕೋದವರ ಮೊದಲ ಪ್ರಶ್ನೆಗೆ: ರೋಗ ತಡೆಗಟ್ಟುವ ಬಗ್ಗೆ ಸಲಹೆ ಕೊಡುವ ಅಮೆರಿಕದ ತಜ್ಞರ ಕಾರ್ಯಪಡೆಯೇ 2009ರಲ್ಲಿ, 40ರಿಂದ 49ರವರು ವೈದ್ಯರೊಡನೆ ಮಾತಾಡಿ ತಾವೇ ನಿರ್ಧರಿಸಲಿ, ಎಲ್ಲರಿಗೂ 50ರಿಂದ ಎಂದಿತ್ತು, 2024ರಲ್ಲಿ ಅದನ್ನು ಬದಲಿಸಿ 40ರಿಂದ 74ರವರೆಗೆ ಎರಡು ವರ್ಷಕ್ಕೊಮ್ಮೆ ಎಂದಿತು. ಬ್ರಿಟನ್ನಿನಲ್ಲಿ ಇವತ್ತಿಗೂ 50ರಿಂದ 71 ತುಂಬುವವರೆಗೆ ಮೂರು ವರ್ಷಕ್ಕೊಮ್ಮೆ ಕರೆಯುತ್ತಾರೆ. ಸ್ವಿಟ್ಜರ್ಲೆಂಡಿನ ವೈದ್ಯಕೀಯ ಮಂಡಳಿಯೊಂದು 2014ರಲ್ಲಿ, ಹೊಸ ಕಾರ್ಯಕ್ರಮಗಳನ್ನು ಆರಂಭಿಸುವುದೇ ಬೇಡ ಎಂದಿತ್ತು. ಇವರೆಲ್ಲರೂ ಹೆಚ್ಚುಕಡಿಮೆ ಅದೇ ಪ್ರಯೋಗಗಳನ್ನು ಓದಿದವರು. ಶಾಸ್ತ್ರ ಎರಡಿಲ್ಲ, ಒಂದು ಸಾವನ್ನು ತಪ್ಪಿಸಲು ಎಷ್ಟು ಮಂದಿಯ ನೆಮ್ಮದಿ ಕೆಡಿಸಬಹುದು ಎಂಬ ತೂಕದಲ್ಲಿ ಅವರು ಬೇರೆಯಾಗುತ್ತಾರೆ. 40ರಿಂದ ವರ್ಷವರ್ಷವೂ ಮ್ಯಾಮೋಗ್ರಫಿ ಮಾಡಿದ ಬ್ರಿಟನ್ನಿನದೇ ಇನ್ನೊಂದು ಪ್ರಯೋಗದ 2020ರ ವರದಿಯಂತೆ, ಆ ದಶಕದಲ್ಲಿ ಒಂದು ಸಾವನ್ನು ತಪ್ಪಿಸಲು ಸುಮಾರು 1,150 ಮಂದಿ ತಪಾಸಣೆಗೆ ಒಳಗಾಗಬೇಕು. ಇದನ್ನು ದೊಡ್ಡದೆನ್ನುವವರೂ ಇದ್ದಾರೆ, ಸಣ್ಣದೆನ್ನುವವರೂ ಇದ್ದಾರೆ.

ನಮ್ಮಲ್ಲಿ ಇನ್ನೊಂದು ಸಂಗತಿಯನ್ನು ಸೇರಿಸಿಕೊಳ್ಳಬೇಕು. 'ಭಾರತದ ಹೆಂಗಸರಿಗೆ ಹತ್ತು ವರ್ಷ ಮೊದಲೇ ಬರುತ್ತದೆ, ಆದ್ದರಿಂದ ಹತ್ತು ವರ್ಷ ಮೊದಲೇ ಶುರು ಮಾಡಿ' ಎಂಬ ಮಾತು ಎಲ್ಲ ಕರಪತ್ರಗಳಲ್ಲಿಯೂ ಇರುತ್ತದೆ. ನಮ್ಮ ರೋಗಿಗಳ ಸರಾಸರಿ ವಯಸ್ಸು ಕಡಿಮೆ ಎಂಬುದು ನಿಜ, ಆದರೆ ಅದಕ್ಕೆ ಒಂದು ದೊಡ್ಡ ಕಾರಣ ನಮ್ಮ ಜನಸಂಖ್ಯೆಯೇ ಎಳೆಯದಾಗಿರುವುದು. ಮಕ್ಕಳೇ ಹೆಚ್ಚಿರುವ ಮನೆಯಲ್ಲಿ ನೆಗಡಿಯಾದವರ ಸರಾಸರಿ ವಯಸ್ಸೂ ಕಡಿಮೆಯೇ ಇರುತ್ತದೆ. ಲಕ್ಷಕ್ಕೆ ಎಷ್ಟು ಎಂದು ಕೇಳಿದರೆ, ವಯಸ್ಸಿನ ವ್ಯತ್ಯಾಸವನ್ನು ಸರಿದೂಗಿಸಿದ ಮೇಲೆ, ಬ್ರಿಟನ್ನಿನಲ್ಲಿ ಈ ಕಾಯಿಲೆ ನಮ್ಮ ದೇಶದ ಮೂರು ಪಟ್ಟಿಗಿಂತ ಹೆಚ್ಚಿದೆ. ಮುಂಬೈಯಂಥ ನಗರಗಳಲ್ಲಿ ಹಳ್ಳಿಗಳಿಗಿಂತ ಹೆಚ್ಚು, ಆದರೂ ಅಲ್ಲಿಯಷ್ಟಿಲ್ಲ. ಕಾಯಿಲೆ ವಿರಳವಾದಷ್ಟೂ ಒಂದೇ ಯಂತ್ರದ ಸುಳ್ಳು ಎಚ್ಚರಿಕೆಗಳ ಪಾಲು ಹೆಚ್ಚುತ್ತದೆ.

ಮಂಡಳದ ಶಿಬಿರಕ್ಕೇ ಲೆಕ್ಕ ಹಾಕೋಣ. ಲೆಕ್ಕಕ್ಕಾಗಿ, ಸಾವಿರ ಮಂದಿಯಲ್ಲಿ 4 ಮಂದಿಗೆ ಕ್ಯಾನ್ಸರ್ ಇದೆ, ಯಂತ್ರ 80 ಮಂದಿಯನ್ನು ಮರಳಿ ಕರೆಯುತ್ತದೆ ಎಂದು ಇಟ್ಟುಕೊಂಡರೆ, ನಿಮ್ಮ 60 ಮಂದಿಯಲ್ಲಿ ಸುಮಾರು 5 ಮಂದಿಗೆ ಕರೆ ಬರುತ್ತದೆ. ಇಂಥ ನಾಲ್ಕು ಶಿಬಿರಗಳನ್ನು ನಡೆಸಿದರೆ ಸರಾಸರಿಯಲ್ಲಿ ಒಂದು ಕ್ಯಾನ್ಸರ್ ಸಿಕ್ಕೀತು. ಆ ಐದು ಮಂದಿಯ ಕೈ ಹಿಡಿಯುವವರು ಯಾರೆಂಬುದನ್ನು ವ್ಯಾನ್ ಬರುವ ಮೊದಲೇ ನಿಶ್ಚಯಿಸಬೇಕು.

ಇದೆಲ್ಲ ಸಾಮಾನ್ಯ ಅಪಾಯದವರ ಮಾತು. ತಾಯಿಗೋ ಅಕ್ಕನಿಗೋ ಚಿಕ್ಕ ವಯಸ್ಸಿನಲ್ಲಿ ಬಂದಿದ್ದರೆ, ಬಿಆರ್‌ಸಿಎ ಎಂಬ ವಂಶವಾಹಿಯ ದೋಷ ಮನೆತನದಲ್ಲಿದ್ದರೆ, ಅವರ ದಾರಿಯೇ ಬೇರೆ. ಅವರು ಬಹಳ ಮೊದಲೇ ತಜ್ಞರನ್ನು ಕಾಣಬೇಕು, ಎಂಆರ್‌ಐ ಕೂಡ ಬೇಕಾಗಬಹುದು. ಶಿಬಿರ ಅವರಿಗೆ ತಕ್ಕ ಜಾಗವಲ್ಲ.

ಘಾಟ್‌ಕೋಪರ್

ಹೋಟೆಲ್ ಕೆಲಸಗಾರರ ಮನೆಗಳ ಬಗ್ಗೆ ಒಂದು ಮಾತು. ಐದು ಮಂದಿಯ ಕೈ ಹಿಡಿಯುವವರು ಯಾರು ಎಂದು ಮೇಷ್ಟ್ರು ಕೇಳಿದ್ದು ಹಣದ ಪ್ರಶ್ನೆಯೂ ಹೌದು. ತಪಾಸಣೆ ಉಚಿತ, ಬಯಾಪ್ಸಿ ಉಚಿತವಲ್ಲ. ಮಹಾರಾಷ್ಟ್ರ ಸರ್ಕಾರದ ಆರೋಗ್ಯ ಯೋಜನೆಯಾದ ಮಹಾತ್ಮಾ ಫುಲೆ ಯೋಜನೆಯಲ್ಲಿ ಚಿಕಿತ್ಸೆ ಪಡೆಯಲು ಮಹಾರಾಷ್ಟ್ರದ ರೇಷನ್ ಕಾರ್ಡ್ ಅಥವಾ ವಾಸದ ದಾಖಲೆ ಕೇಳುತ್ತಾರೆ. ನಮ್ಮವರಲ್ಲಿ ಎಷ್ಟೋ ಮಂದಿಯ ಕಾರ್ಡ್ ಇವತ್ತಿಗೂ ಕುಂದಾಪುರದ ಕಡೆಯ ಮನೆಯ ಕಪಾಟಿನಲ್ಲಿದೆ. ನಮ್ಮ ನೆರೆಯ ಒಬ್ಬರು 'ಮರಳಿ ಬನ್ನಿ' ಎಂಬ ಚೀಟಿಯನ್ನು ದೇವರ ಪಟದ ಹಿಂದೆ ಸಿಕ್ಕಿಸಿಟ್ಟು, ಊರಿನಿಂದ ಕಾಗದ ಬರಲೆಂದು ಎರಡು ತಿಂಗಳು ಕಾದರು. ಹೆಸರು ಬರೆಸುವ ದಿನವೇ ಕಾಗದಪತ್ರಗಳನ್ನೂ ವಿಚಾರಿಸಿಕೊಳ್ಳಿ.

ಮುಲುಂಡ್ ಚೆಕ್‌ನಾಕಾ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಮಂಡಳದ ಸಭೆಯಲ್ಲಿ ಇದನ್ನೆಲ್ಲ ಇಟ್ಟೆ. ವಾದವಾಯಿತು. ಕಾರ್ಯದರ್ಶಿಯವರು 'ಹೀಗೆಲ್ಲ ಹೇಳಿದರೆ ಯಾರು ಬರುತ್ತಾರೆ' ಎಂದರು. ಕೊನೆಗೆ, ಮ್ಯಾಮೋಗ್ರಫಿಗೆ 50 ದಾಟಿದವರನ್ನು ಕರೆಯುವುದು, 40ರ ಹರೆಯದವರು ಎರಡೂ ಕಡೆಯ ಅಂಕಿಗಳನ್ನು ಕೇಳಿಕೊಂಡು ತಾವೇ ಹೇಳಲಿ ಎಂದು ಬಿಡುವುದು, ಎಲ್ಲರಿಗೂ ಕೈಪರೀಕ್ಷೆ ಇಡುವುದು ಎಂದಾಯಿತು. ಮರಳಿ ಕರೆ ಬಂದವರೊಡನೆ ಹೋಗಲು ಇಬ್ಬರ ಹೆಸರು ಬರೆದುಕೊಂಡೆವು, ಒಂದು ನನ್ನದು. 60 ಮಂದಿ ಆಗದಿದ್ದರೆ ವ್ಯಾನ್ ಬರುವುದಿಲ್ಲವೆಂಬ ತೊಡಕು ಹಾಗೆಯೇ ಇದೆ. ಪಕ್ಕದ ಸೊಸೈಟಿಯ ಮರಾಠಿ ಮಂಡಳದವರನ್ನು ಕೇಳುತ್ತಿದ್ದೇವೆ.

ಸಭೆ ಮುಗಿದ ಮೇಲೆ ಪಟ್ಟಿಯಲ್ಲಿದ್ದ 23 ಮಂದಿಗೂ ಒಬ್ಬೊಬ್ಬರಾಗಿ ಫೋನ್ ಮಾಡಿ ವಯಸ್ಸು ಕೇಳತೊಡಗಿದೆ. ಹನ್ನೊಂದನೆಯವಳು ನಮ್ಮ ಕೆಳಗಿನ ಮಹಡಿಯ ಹುಡುಗಿ, 36 ವರ್ಷ. 40 ಎಂದು ಸುಳ್ಳು ಹೇಳಿ ಹೆಸರು ಬರೆಸಿದ್ದಳು. ನಿನಗೇಕೆ ಈಗಲೇ ಎಂದು ಗದರಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಬಲಗಡೆ ಎರಡು ತಿಂಗಳಿಂದ ಏನೋ ಕೈಗೆ ಸಿಗುತ್ತಿದೆ, ಹೇಗೂ ಶಿಬಿರ ಬರುತ್ತದಲ್ಲ, ಅಲ್ಲಿ ತೋರಿಸಿಕೊಂಡರಾಯಿತು ಎಂದು ಕಾಯುತ್ತಿದ್ದೆ ಎಂದಳು. ನರ್ಸ್ ಅಮ್ಮನವರೇ, ಇದಕ್ಕೆ ಏನು ಮಾಡಬೇಕು?

ಪರೇಲಿನ ನಿವೃತ್ತ ನರ್ಸ್

ಕಾಯಬೇಡಿ. ಗಂಟು ಕೈಗೆ ಸಿಕ್ಕ ಮೇಲೆ ಅದು ತಪಾಸಣೆಯ ವಿಷಯವೇ ಅಲ್ಲ, ರೋಗಿಯ ವಿಷಯ. ಇಷ್ಟು ಹೊತ್ತು ನಾವು ಆಡಿದ ಲಾಭ-ನಷ್ಟದ ಲೆಕ್ಕ ಯಾವುದೂ ಅವಳಿಗೆ ಅನ್ವಯಿಸುವುದಿಲ್ಲ. ಈ ವಯಸ್ಸಿನಲ್ಲಿ ಹೆಚ್ಚಿನ ಗಂಟುಗಳು ನಿರಪಾಯದವೇ ಇರುತ್ತವೆ ಎಂದು ಅವಳಿಗೆ ಹೇಳಿ, ಆದರೆ ಅದನ್ನು ಹೇಳಿ ಮನೆಯಲ್ಲಿ ಕೂರಿಸಬೇಡಿ. ಸರ್ಜನ್ ಕೈಯಿಂದ ನೋಡುವುದು, ಸೋನೋಗ್ರಫಿ ಹಾಗೂ ಬೇಕಾದರೆ ಮ್ಯಾಮೋಗ್ರಫಿ, ಆಮೇಲೆ ಅಗತ್ಯ ಬಿದ್ದರೆ ಸೂಜಿ. ಮೂರೂ ಒಂದೇ ಮಾತು ಹೇಳಿದ ಮೇಲೆಯೇ ನಿಶ್ಚಿಂತೆ. ಬೆಳಿಗ್ಗೆ ಬೇಗ ಹೋಗಿ, ಕೇಸ್ ಪೇಪರ್ ಸಾಲು ಎಂಟರ ಮೇಲೆ ಬೆಳೆಯುತ್ತದೆ.

ಮುಲುಂಡ್ ಚೆಕ್‌ನಾಕಾ

ನಾಳೆ ಆರೂವರೆಯ ಲೋಕಲ್ ಹಿಡಿಯುತ್ತೇವೆ. ಅವಳ ಮಗುವನ್ನು ನನ್ನ ಮಗಳು ಶಾಲೆಗೆ ಬಿಡುತ್ತಾಳೆ. ಹಳೆಯ ಸೋನೋಗ್ರಫಿ ಏನಾದರೂ ಇದೆಯೇ ಎಂದು ಕೇಳಿದೆ, ಬಾಣಂತನದ್ದು ಮಾತ್ರ ಇದೆಯಂತೆ. ಅದನ್ನೂ ಚೀಲಕ್ಕೆ ಹಾಕಿಕೊಳ್ಳಲು ಹೇಳಿದ್ದೇನೆ.